ಒಂದೇ ದೀಪ, ಒಂದೇ ಫ್ಯಾನು

ಮಾರ್ಚ್ 3, ಸೋಮವಾರ

ನಿವೃತ್ತಿಯಾದ ಮೇಲೆ ನೆಮ್ಮದಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಅವರ ಮನೆಯ ಮೇಲ್ಗಡೆ ಒಬ್ಬ ನರ್ಸು ವಾಸವಿರಲಿಲ್ಲವೆಂದು ಕಾಣುತ್ತದೆ.

ಇವತ್ತು ಸಂಜೆ ಮೂರನೇ ಮಹಡಿಯ ನರ್ಸು ಬಂದು ಬಾಗಿಲು ಬಡಿದಳು. ಕೈಯಲ್ಲಿ ಟಾರ್ಚು, ಬೆನ್ನ ಹಿಂದೆ ಎದುರು ಮನೆಯ ಡ್ರಿಲ್ ಮೇಷ್ಟ್ರು. ಇಬ್ಬರೂ ಸೇರಿ ನಮ್ಮ ಕಟ್ಟಡದಲ್ಲಿ 'ಮಿತಬಳಕೆ ಬಳಗ' ಎಂದೊಂದು ಶುರು ಮಾಡಿದ್ದಾರಂತೆ. ಕರೆಂಟು ಉಳಿಸುವುದು, ನೀರು ಉಳಿಸುವುದು, ಹೀಗೆ. ನನ್ನದೇನೂ ತಕರಾರಿಲ್ಲ, ಬೇರೆಯವರು ಉಳಿಸಲಿ.

ಮೆಟ್ಟಿಲ ಕೆಳಗಿರುವ ಮೀಟರುಗಳನ್ನೆಲ್ಲ ಆಕೆ ವಾರ್ಡಿನ ರೋಗಿಗಳ ಹಾಗೆ ಒಂದೊಂದಾಗಿ ನೋಡಿಕೊಂಡು ಬಂದಿದ್ದಾಳೆ. "ಅಕ್ಕಾ, ನಿಮ್ಮನೆ ಮೀಟರಿಗೆ ಜ್ವರ ಬಂದಿದೆ," ಎಂದಳು. "ಮೇಲಿನ ಮನೇಲಿ ಆರು ಜನ ಇದಾರೆ. ಅವರಿಗಿಂತ ಜಾಸ್ತಿ ನಿಮ್ಮನೇಲಿ ಓಡ್ತಿದೆ. ಇರೋದು ಇಬ್ಬರು. ಏನ್ ಮಾಡ್ತೀರಿ ಅಷ್ಟೊಂದು ಕರೆಂಟಲ್ಲಿ?"

"ಹಳೇ ಮೀಟರು, ಅದಕ್ಕೆ ಅರಳುಮರಳು," ಎಂದೆ.

ಅಷ್ಟರಲ್ಲಿ ಟೀವಿ ಮಾನ ಕಳೆಯಿತು. ಹಾಲಿನಲ್ಲಿ ನನ್ನ ಟೀವಿ, ಒಳಗೆ ಪಕ್ಕದ ಕೋಣೆಯವರ ಟೀವಿ, ಎರಡರಲ್ಲೂ ಅದೇ ಧಾರಾವಾಹಿ. ಸೊಸೆ ಇಲ್ಲಿ ಒಮ್ಮೆ ಗೋಳೋ ಎಂದು ಅತ್ತಳು. ಅರೆಗಳಿಗೆ ಬಿಟ್ಟು ಅಲ್ಲಿ ಇನ್ನೊಮ್ಮೆ ಅತ್ತಳು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಪಕ್ಕದ ಕೋಣೆಯವರು ಎಂದರೆ ನನ್ನ ಗಂಡ. ಈ ದಿನಚರಿಯಲ್ಲಿ ಇನ್ನು ಹಾಗೇ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ಮಾರ್ಚ್ 4, ಮಂಗಳವಾರ

ಇದನ್ನು ಓದುವವರು ಯಾರೂ ಇಲ್ಲ. ಆದರೂ ನ್ಯಾಯ ಯಾರ ಕಡೆಗಿದೆ ಎಂದು ಒಂದು ಕಡೆ ಬರೆದಿಟ್ಟರೆ ಒಳ್ಳೆಯದು.

ನಾನು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗಿ ಕೂಗಿ ಕೂದಲು ನರೆಸಿಕೊಂಡವಳು. ಕಟ್ಟಡದವರಿಗೆಲ್ಲ ನಾನು ಬಸ್ಸಕ್ಕ. ಊರಿಗೆ ಊರೇ ನನ್ನ ದನಿ ಕೇಳಿದೆ. ಆದರೆ ಎದುರಿಗೆ ಮುಖಗಳನ್ನು ನೋಡಿಕೊಂಡು ನಾನು ಯಾವತ್ತೂ ಮಾತಾಡಿದವಳಲ್ಲ. ಬೀಳ್ಕೊಡುಗೆಯಲ್ಲಿ ಮಾತಾಡಲೇಬೇಕು ಎಂದಾಗ ವಾರಗಟ್ಟಲೆ ಮನೆಯಲ್ಲಿ ಅಭ್ಯಾಸ ಮಾಡಿದೆ. ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಕೂಡ. ಕೊನೆಯ ನಾಲ್ಕು ಮಾತನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅವು ಗಂಡನ ಬಗ್ಗೆ ಇದ್ದವು. ಎಲ್ಲರ ಎದುರಿಗೇ ಮೊದಲ ಸಲ ಕೇಳಲಿ ಎಂದು ಮುಚ್ಚಿಟ್ಟಿದ್ದೆ.

ಅವತ್ತು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಆ ನಾಲ್ಕು ಮಾತಿಗೆ ಬರುವ ಹೊತ್ತಿಗೆ ತಲೆ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು. ಗೊರಕೆ. ಅದೂ ಸಣ್ಣದಲ್ಲ. ಸಭೆಗೆ ಸಭೆಯೇ ಗೊಳ್ಳೆಂದಿತು. ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಬೇಕರಿಯಲ್ಲಿ ಕೆಲಸ ಮಾಡುವವರು ಕೋಳಿಗಿಂತ ಮುಂಚೆ ಎದ್ದು ಒಲೆ ಹಚ್ಚಬೇಕು, ಸಂಜೆಗೆಲ್ಲ ಕಣ್ಣು ಎಳೆಯುತ್ತದೆ, ಇದೆಲ್ಲ ನನಗೂ ಗೊತ್ತು. ಗೊರಕೆಯನ್ನು ಬೇಕಾದರೆ ಕ್ಷಮಿಸುತ್ತಿದ್ದೆ. ಆದರೆ ಮನೆಗೆ ಬಂದು ಏನು ಹೇಳಿದರು? "ಅಯ್ಯೋ, ಅದನ್ನ ಮನೇಲೇ ನೂರು ಸಲ ಕೇಳಿದೀನಲ್ಲೇ!"

ಅವತ್ತಿನಿಂದ ಮಾತಿಲ್ಲ. ಅವರು ಒಳಕೋಣೆಯಲ್ಲಿ, ನಾನು ಹಾಲಿನಲ್ಲಿ. ತಪ್ಪಾಯಿತು ಎನ್ನುವವರೆಗೆ ನಾನು ಬಾಯಿ ಬಿಡುವುದಿಲ್ಲ. ತಪ್ಪೇನೆಂದು ಅವರಿಗೆ ಗೊತ್ತೇ ಇಲ್ಲ. ಅದು ಅವರ ಎರಡನೇ ತಪ್ಪು.

ದಿನಾ ಮಧ್ಯಾಹ್ನ ಬೇಕರಿಯಿಂದ ಬರುವಾಗ ನನಗೊಂದು ಬನ್ನು ತಂದು ಮೇಜಿನ ಮೇಲಿಡುತ್ತಾರೆ. ಅದನ್ನು ತಿನ್ನುತ್ತೇನೆ. ನನಗೂ ಬನ್ನಿಗೂ ಜಗಳವಿಲ್ಲ.

ಮಾರ್ಚ್ 7, ಶುಕ್ರವಾರ

ಬಳಗದ ಸಭೆ. ಹೋಗಬಾರದೆಂದು ಕೂತಿದ್ದೆ. ನರ್ಸು ಬಂದು ಮಣಿಕಟ್ಟು ಹಿಡಿದು ಕರೆದುಕೊಂಡು ಹೋದಳು. ನಾಡಿ ನೋಡುತ್ತಿದ್ದಾಳೋ ಎಳೆಯುತ್ತಿದ್ದಾಳೋ ತಿಳಿಯಲಿಲ್ಲ.

ನಿಯಮ ಹೀಗಿದೆ. ಸಂಜೆ ಏಳರಿಂದ ಒಂಬತ್ತರವರೆಗೆ ಪ್ರತಿ ಮನೆಯಲ್ಲೂ ಒಂದೇ ಕೋಣೆ, ಒಂದೇ ದೀಪ, ಒಂದೇ ಫ್ಯಾನು. ಟೀವಿ ಬಂದ್. ಒಂದು ತಿಂಗಳು ಹೀಗೆ ಮಾಡಿ ನೋಡೋಣ ಎಂದು ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ, ಏಕೆಂದರೆ ನರ್ಸು ಇನ್ನೂ ಕೈ ಬಿಟ್ಟಿರಲಿಲ್ಲ.

ಮಾರ್ಚ್ 8, ಶನಿವಾರ

ಏಳು ಗಂಟೆಗೆ ಅಂಗಳದಿಂದ ಸೀಟಿ ಕೇಳಿತು. ಡ್ರಿಲ್ ಮೇಷ್ಟ್ರು ಕೆಳಗೆ ನಿಂತು ಬೆಳಕಿರುವ ಕಿಟಕಿಗಳನ್ನು ಎಣಿಸುತ್ತಿದ್ದಾರೆ! ನಮ್ಮದು ಎರಡು.

"ಮೊದಲ್ನೇ ಮಹಡಿ! ಬಸ್ಸಕ್ಕನ ಮನೆ! ಒಂದು ಕಿಟಕಿ ಆರ್ಸಿ!"

ಕಟ್ಟಡದವರೆಲ್ಲ ಬಾಲ್ಕನಿಗೆ ಬಂದರು. ನಾವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಯಾಕಿದ್ದೇವೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಮಾನ ಮೂರಾಬಟ್ಟೆಯಾಗುತ್ತಿತ್ತು.

ಇಂಥ ಅನಿವಾರ್ಯ ಸಂದರ್ಭಕ್ಕೆ ನನ್ನದೊಂದು ಪದ್ಧತಿ ಇದೆ. ನಾನು ಅವರ ಜೊತೆ ಮಾತಾಡುವುದಿಲ್ಲ, ಪ್ರಕಟಣೆ ಹೊರಡಿಸುತ್ತೇನೆ. ಅದು ಮಾತಿನ ಲೆಕ್ಕಕ್ಕೆ ಬರುವುದಿಲ್ಲ. ಸೂರಿನ ಕಡೆ ಮುಖ ಮಾಡಿ ಹೇಳಿದೆ: "ಪ್ರಯಾಣಿಕರ ಗಮನಕ್ಕೆ. ಏಳರಿಂದ ಒಂಬತ್ತರವರೆಗೆ ಒಳಕೋಣೆ ಮುಚ್ಚಿರುತ್ತದೆ. ದಯವಿಟ್ಟು ಹಾಲಿನಲ್ಲಿ ಕಾಯಬೇಕಾಗಿ ವಿನಂತಿ."

ಒಳಗೆ ದೀಪ ಆರಿತು. ಕುರ್ಚಿ ಎತ್ತಿಕೊಂಡು ಬಂದು ಬಾಗಿಲ ಹತ್ತಿರದ ಮೂಲೆಯಲ್ಲಿ ಕೂತರು. ಎರಡು ಗಂಟೆ ನಾನು ಪುಸ್ತಕ ನೋಡಿದೆ. ಅವರು ತಮ್ಮ ಹೆಬ್ಬೆರಳು ನೋಡಿಕೊಂಡರು. ಇಂಥ ಉಳಿತಾಯ ಯಾರಿಗೂ ಬೇಡ.

ಮಾರ್ಚ್ 9, ಭಾನುವಾರ

ಮೂಲೆ ಕುರ್ಚಿಯವರಿಗೆ ಫ್ಯಾನಿನ ಗಾಳಿ ಸಿಗುತ್ತಿಲ್ಲ. ಬೆವರು ಒರೆಸಿಕೊಳ್ಳುತ್ತಾರೆ. ಒರೆಸಿಕೊಳ್ಳಲಿ.

ಮಾರ್ಚ್ 12, ಬುಧವಾರ

ನರ್ಸು ಬಂದು ನಮ್ಮ ಟ್ಯೂಬ್‌ಲೈಟಿನ ಮೇಲೂ ಕಣ್ಣು ಹಾಕಿದಳು. "ಇಬ್ಬರಿಗೆ ಯಾಕಕ್ಕಾ ಇಷ್ಟು ದೊಡ್ಡ ಬೆಳಕು? ಇದನ್ನ ಇಟ್ಕೊಳ್ಳಿ," ಎಂದು ಪುಟ್ಟದೊಂದು ಮೇಜಿನ ದೀಪ ಕೊಟ್ಟು ಹೋದಳು. ಅದರ ಬೆಳಕು ಮೇಜು ದಾಟುವುದಿಲ್ಲ. ಪೇಪರು ಓದಬೇಕೆಂದರೆ ಮೇಜಿನ ಹತ್ತಿರ ಬರಲೇಬೇಕು. ಮೂಲೆ ಕುರ್ಚಿಯವರು ಸ್ವಲ್ಪ ಹೊತ್ತು ಕತ್ತಲಲ್ಲೇ ಪೇಪರು ಹಿಡಿದು ಓದುವ ನಾಟಕ ಮಾಡಿದರು. ತಲೆಕೆಳಗಾಗಿ ಹಿಡಿದಿದ್ದರು. ಆಮೇಲೆ ಕುರ್ಚಿಯನ್ನು ಸದ್ದಾಗದ ಹಾಗೆ ಎಳೆದುಕೊಂಡು ಮೇಜಿನ ಆ ಬದಿಗೆ ಬಂದರು.

ನಾನು ನೋಡಲಿಲ್ಲ.

ಮಾರ್ಚ್ 15, ಶನಿವಾರ

ಹೊಸ ನಿಯಮ. ನೀರು ಕಾಯಿಸುವ ಗೀಸರನ್ನು ಒಮ್ಮೆ ಮಾತ್ರ ಹಾಕಬೇಕು. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು. ಬೇಕರಿಗೆ ರಜೆ ಇದ್ದಿದ್ದರಿಂದ ಇವತ್ತೇ ಜಾರಿಗೆ ಬಂತು. ಇದರಲ್ಲೊಂದು ತೊಡಕಿದೆ. ಒಬ್ಬರ ಸ್ನಾನ ಮುಗಿಯಿತೆಂದು ಇನ್ನೊಬ್ಬರಿಗೆ ಯಾರು ಹೇಳಬೇಕು?

ಅವರು ಮೊದಲು ಬಚ್ಚಲಿಗೆ ಹೋದರು, ನಾನು ಒಳಕೋಣೆಯ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತೆ. ಹೋಗಿ ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ. ಆಗ ಬಚ್ಚಲಿನಿಂದ ದಪ್ಪ ದನಿಯಲ್ಲಿ, ಥೇಟ್ ನನ್ನದೇ ರಾಗದಲ್ಲಿ ಬಂತು: "ಪ್ರಯಾಣಿಕರ ಗಮನಕ್ಕೆ. ಬಿಸಿನೀರಿನ ಬಸ್ಸು ಇನ್ನು ಸ್ವಲ್ಪ ಹೊತ್ತಿಗೆ ತಣ್ಣೀರಿಗೆ ಹೊರಡಲಿದೆ."

ನನಗೆ ಕೆಮ್ಮು ಬಂತು. ನಕ್ಕೆ ಎಂದು ಅವರು ತಿಳಿದುಕೊಂಡಿದ್ದರೆ ಅದು ಅವರ ಭ್ರಮೆ.

ಮಾರ್ಚ್ 19, ಬುಧವಾರ

ಎದುರು ಕುರ್ಚಿಯವರಿಗೆ ಎಂಟು ಗಂಟೆಯಾಯಿತೆಂದರೆ ಕಣ್ಣು ಮುಚ್ಚುತ್ತದೆ. ಪೇಪರು ಮುಖದ ಮೇಲೆ ಬೀಳುತ್ತದೆ, ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತದೆ. ಕೈಬೆರಳುಗಳ ಸಂದಿಯಲ್ಲಿ ಇನ್ನೂ ಹಿಟ್ಟು. ಇಷ್ಟು ವರ್ಷವಾದರೂ ಉಗುರಿನ ಬುಡ ತಿಕ್ಕಿ ತೊಳೆಯುವುದು ಕಲಿತಿಲ್ಲ.

ಫ್ಯಾನನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಕರೆಂಟು ಉಳಿಯಲಿ ಎಂದು. ಅವರಿಗೆ ನೆಗಡಿಯಾದರೆ ನನಗೇನು?

ಮಾರ್ಚ್ 21, ಶುಕ್ರವಾರ

ಮಗಳು ಫೋನು ಮಾಡಿದ್ದಳು. "ಅಮ್ಮಾ, ಇನ್ನೂ ಅಪ್ಪನ ಜೊತೆ ಮಾತು ಬಿಟ್ಟಿದೀಯಾ?"

"ಹೂಂ. ಒಂದಕ್ಷರ ಆಡಲ್ಲ."

"ಮತ್ತೆ ಅವರ ಸಕ್ಕರೆ ರಿಪೋರ್ಟು ಬಂತು ಅಂದೆ, ಸೊಂಟ ನೋವು ಅಂದೆ, ಹೊಸ ಓವನ್ನು ಸರಿಯಾಗಿ ಕಾಯ್ತಿಲ್ಲ ಅಂದೆ. ಇದೆಲ್ಲ ನಿಂಗೆ ಹೇಗೆ ಗೊತ್ತಾಯ್ತು?"

"ಪ್ರಕಟಣೆ," ಎಂದೆ.

ಆ ಕಡೆಯಿಂದ ಕಿಸಕಿಸ ಸದ್ದು ಬಂತು. ಫೋನು ಕೆಟ್ಟಿರಬೇಕು.

ಮಾರ್ಚ್ 24, ಸೋಮವಾರ

ಗ್ರಹಚಾರ ಕೆಟ್ಟಿದೆ.

ನರ್ಸು ಓಡೋಡಿ ಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ಜ್ವರ ಇಳೀತು! ಇಡೀ ಕಟ್ಟಡದಲ್ಲಿ ನಿಮ್ಮನೆ ಮೀಟರೇ ಎಲ್ಲರಿಗಿಂತ ನಿಧಾನ ಓಡ್ತಿದೆ. ಅರ್ಧಕ್ಕೂ ಕಡಿಮೆ! ಏನಕ್ಕಾ ಗುಟ್ಟು?"

ಗುಟ್ಟೇನಿದೆ? ಎರಡು ಟೀವಿ, ಎರಡು ಟ್ಯೂಬ್‌ಲೈಟು, ಎರಡು ಫ್ಯಾನು ಇದ್ದಲ್ಲಿ ಈಗ ಒಂದು ದೀಪ, ಒಂದು ಫ್ಯಾನು. ಜಗಳಕ್ಕೆ ಎಷ್ಟು ಕರೆಂಟು ಬೇಕು ಎಂದು ನನಗೂ ಈಗಲೇ ತಿಳಿದದ್ದು. ಆದರೆ ಹಾಗೆಂದು ಹೇಳಲಾಗುತ್ತದೆಯೇ?

"ಏಪ್ರಿಲ್ ಐದಕ್ಕೆ ಟೆರೇಸಿನ ಮೇಲೆ ಕೊನೇ ಸಭೆ," ಎಂದರು ಅವಳ ಹಿಂದೆಯೇ ಬಂದಿದ್ದ ಮೇಷ್ಟ್ರು. "ಅವತ್ತು ನೀವು ಮಾತಾಡ್ಬೇಕು ಬಸ್ಸಕ್ಕ. ದಂಪತಿಗಳು ಅಂದ್ರೆ ಹೀಗಿರ್ಬೇಕು. ಒಂದೇ ದೀಪದಡಿ! ನಾನು ದಿನಾ ಕೆಳಗಿಂದ ನೋಡ್ತೀನಲ್ಲ, ಎರಡು ತಲೆ ಒಂದೇ ಕಿಟಕೀಲಿ!"

ಹಿಂದೆ ಕೂತಿದ್ದ ಎದುರು ಕುರ್ಚಿಯವರು ಪೇಪರಿನ ಹಿಂದೆ ಮರೆಯಾದರು. ಪೇಪರು ಅಲುಗುತ್ತಿತ್ತು. ನಗು.

ಮತ್ತೆ ಮುಖಗಳ ಮುಂದೆ ನಿಲ್ಲಬೇಕು. ಮತ್ತೆ ಮುಂದಿನ ಸಾಲಿನಲ್ಲಿ ಅದೇ ತಲೆ ವಾಲುತ್ತದೆ, ಅದೇ ಬಾಯಿ ತೆರೆಯುತ್ತದೆ, ಜನ ಗೊಳ್ಳೆನ್ನುತ್ತಾರೆ. ಈ ಸಲವೂ ಹಾಗಾದರೆ ನಾನು ಮಗಳ ಮನೆಗೆ ಹೊರಟುಬಿಡುತ್ತೇನೆ. ಬರೆದದ್ದು ಬರೆದದ್ದೇ.

ಮಾರ್ಚ್ 29, ಶನಿವಾರ

ಭಾಷಣ ಬರೆದೆ, ಹರಿದೆ. ಬರೆದೆ, ಹರಿದೆ. ಅಭ್ಯಾಸ ಮಾತ್ರ ಮಾಡುವುದಿಲ್ಲ. ನೂರು ಸಲ ಕೇಳಿದೀನಿ ಎನ್ನುವ ಸಂದರ್ಭವನ್ನೇ ಕೊಡುವುದಿಲ್ಲ.

ಪಕ್ಕದ ಕುರ್ಚಿಯವರು ಬನ್ನು ಇಟ್ಟು ಹೋಗದೆ ಅಲ್ಲೇ ನಿಂತರು. ಮಾತಿಗೆ ತಡಕಾಡಿದರು. ಕೊನೆಗೆ ಬನ್ನಿಗೆ ಹೇಳಿದರು: "ಈ ಸಲ ಪ್ರಾಕ್ಟೀಸು ಕೇಳಿಸ್ತಾನೇ ಇಲ್ಲ. ಮನೆ ಬಿಕೋ ಅಂತಿದೆ."

ಏನಾದರೂ ಹೇಳೋಣವೆನಿಸಿತು. ಪ್ರಕಟಣೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಬನ್ನು ತಿಂದೆ.

ಏಪ್ರಿಲ್ 2, ಬುಧವಾರ

ಕುರ್ಚಿ ಈ ಬದಿಗೆ ಹೇಗೆ ಬಂತು ಎಂದು ಯೋಚಿಸುತ್ತಿದ್ದೆ. ಫ್ಯಾನಿಗೆ ಇರಬೇಕು. ಇವರಿಗೆ ಮೊದಲಿಂದಲೂ ಸೆಖೆ ತಡೆಯುವುದಿಲ್ಲ.

ಏಪ್ರಿಲ್ 5, ಶನಿವಾರ

ಇದನ್ನು ಇವತ್ತೇ ಬರೆಯಲೇಬೇಕು.

ಟೆರೇಸಿನಲ್ಲಿ ಕಟ್ಟಡದವರೆಲ್ಲ ಚಾಪೆ ಹಾಸಿ ಕೂತಿದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ, ದೀಪ ಬೇಡವೆಂದು ಆ ಹೊತ್ತನ್ನೇ ಆರಿಸಿದ್ದರು. ಇವರು ಕಾಣಲಿಲ್ಲ. ಎಲ್ಲೋ ಮೂಲೆ ಹುಡುಕಿ ಮಲಗಿರಬೇಕು ಎಂದುಕೊಂಡೆ. ನೋಡಿದರೆ, ನೀರಿನ ಟ್ಯಾಂಕಿನ ಪಕ್ಕ ನೆಟ್ಟಗೆ ನಿಂತಿದ್ದಾರೆ. ಮೇಷ್ಟ್ರು ಎರಡು ಸಲ ಚಾಪೆ ತೋರಿಸಿದರು.

"ಬೇಡ ಬಿಡಿ ಮೇಷ್ಟ್ರೇ. ಕೂತ್ರೆ ನಿದ್ದೆ ಬರುತ್ತೆ," ಎಂದರು. ಮುಖಕ್ಕೆ ತಣ್ಣೀರು ಹಾಕಿಕೊಂಡು ಬಂದಿದ್ದರು, ಅಂಗಿಯ ಕಾಲರು ಒದ್ದೆಯಾಗಿತ್ತು.

ನನ್ನ ಸರದಿ ಬಂತು. ಎದ್ದು ನಿಂತು ಎದುರಿಗೆ ಕೈ ಚಾಚಿದೆ. ಏನೂ ಸಿಗಲಿಲ್ಲ. ಮೈಕಿಲ್ಲ! "ಕರೆಂಟ್ ಉಳಿಸೋ ಸಭೇಲಿ ಮೈಕ್ ಯಾಕಕ್ಕಾ?" ಎಂದಳು ನರ್ಸು. ಜೀವಮಾನವೆಲ್ಲ ಮೈಕು ಹಿಡಿದವಳಿಗೆ ಅದಿಲ್ಲದೆ ನಿಲ್ಲುವುದೆಂದರೆ ಊರುಗೋಲು ಕಿತ್ತುಕೊಂಡ ಹಾಗೆ. ಎದುರಿಗೆ ಬರೀ ಮುಖಗಳು. ಬರೆದದ್ದು, ಹರಿದದ್ದು, ಮತ್ತೆ ಬರೆದದ್ದು ಎಲ್ಲ ತಲೆಯಿಂದ ಹಾರಿಹೋಯಿತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಯಾರೋ ಕೆಮ್ಮಿದರು. ಮೇಷ್ಟ್ರು ಗಾಬರಿಯಿಂದ ಸೀಟಿ ಬಾಯಿಗಿಟ್ಟುಕೊಂಡರು.

ಆಗ ಟ್ಯಾಂಕಿನ ಕಡೆಯಿಂದ ಮೆಲ್ಲಗೆ ಬಂತು: "ಕೆಲಸಕ್ಕೆ ಸೇರಿದ ಮೊದಲ ದಿನ..."

ನನ್ನ ಬಾಯಿ ತಾನಾಗಿಯೇ ಹೇಳಿತು: "ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮೈಕು ಹಾಕೋದನ್ನೇ ಮರೆತು ಮಧ್ಯಾಹ್ನದವರೆಗೆ ಕೂಗಿದೆ. ಬಸ್ಸುಗಳು ಅವುಗಳ ಪಾಡಿಗೆ ಹೋಗ್ತಿದ್ವು, ಜನ ಅವರ ಪಾಡಿಗೆ ಹತ್ತುತ್ತಿದ್ರು. ನಾನಿಲ್ಲದೇನೂ ಲೋಕ ನಡೆಯುತ್ತೆ ಅಂತ ಅವತ್ತೇ ಗೊತ್ತಾಯ್ತು."

ಜನ ನಕ್ಕರು. ಕರೆಂಟಿಗೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಅದು ನನ್ನ ಬೀಳ್ಕೊಡುಗೆಯ ಭಾಷಣ! ನಾನು ತಡವರಿಸಿದಲ್ಲೆಲ್ಲ ಟ್ಯಾಂಕಿನ ಪಕ್ಕದಿಂದ ಮುಂದಿನ ಮಾತು ಬರುತ್ತಿತ್ತು. "ಗದ್ದಲದಲ್ಲಿ ಮಗು ಕಳೆದುಕೊಂಡ ಆ ಅಜ್ಜಿ..." ಎಂದರು. ಅದನ್ನು ಹೇಳಿದೆ. "ಎರಡು ಬಸ್ಸಿಗೆ ಒಂದೇ ಹೆಸರು ಕೂಗಿದ್ದು..." ಎಂದರು. ಅದನ್ನೂ ಹೇಳಿದೆ. ಒಂದಕ್ಷರ ತಪ್ಪಿಲ್ಲ. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ ಎನ್ನುವುದೂ ಅವರಿಗೆ ಗೊತ್ತು. ನೂರು ಸಲ ಕೇಳಿದೀನಿ ಎಂದದ್ದು ನಿಜವೇ ಇರಬೇಕು. ಕಿವಿಗೆ ಬಿದ್ದದ್ದಲ್ಲ, ಕೇಳಿದ್ದು.

ಹಾಗೇ ಸಾಗುತ್ತ ಸಾಗುತ್ತ ಕೊನೆಗೆ ಬಂದೆವು. ನಾನು ಅವರ ಕಡೆ ನೋಡಿದೆ. ಅವರು ಕೈಚೆಲ್ಲಿದರು.

"ನಂಗೆ ಇಲ್ಲೀವರೆಗೆ ಮಾತ್ರ ಗೊತ್ತು," ಎಂದರು. "ಮುಂದೆ ಏನಿತ್ತೋ ಗೊತ್ತಿಲ್ಲ ಕಣೇ. ಅವತ್ತು ನಿದ್ದೆ ಹೋಗ್ಬಿಟ್ಟೆ. ತಪ್ಪಾಯ್ತು."

ಎಲ್ಲರ ಎದುರಿಗೆ. ಟ್ಯಾಂಕಿನ ಪಕ್ಕ ನಿಂತುಕೊಂಡು.

ಆ ನಾಲ್ಕು ಮಾತನ್ನು ನಾನು ಯಾವತ್ತೂ ಅಭ್ಯಾಸ ಮಾಡಿರಲಿಲ್ಲ. ಆದರೂ ಮರೆತಿರಲಿಲ್ಲ. ಹೇಳಿದೆ: "ಇಷ್ಟು ವರ್ಷ ಊರಿಗೆಲ್ಲ ನಿಮ್ಮ ಬಸ್ಸು ಬಂತು ಅಂತ ಹೇಳ್ದೆ. ನಂಗೆ ಯಾರೂ ಹೇಳ್ಬೇಕಾಗಿರಲಿಲ್ಲ. ಡ್ಯೂಟಿ ಮುಗಿಸಿ ಹೊರಗೆ ಬಂದ್ರೆ, ಕಂಬಕ್ಕೆ ಒರಗಿ, ಕೈಯಲ್ಲಿ ಬನ್ನಿನ ಪೊಟ್ಟಣ ಹಿಡ್ಕೊಂಡು, ನಿಂತಲ್ಲೇ ನಿದ್ದೆ ಮಾಡ್ತಾ ಒಬ್ಬರು ಕಾಯ್ತಿದ್ರು. ಎಬ್ಬಿಸಿ ಮನೆಗೆ ಕರ್ಕೊಂಡು ಬರೋದೇ ನನ್ನ ದಿನದ ಕೊನೇ ಕೆಲಸ, ನಿವೃತ್ತಿ ಆದ್ರೂ ಅದನ್ನ ಮಾತ್ರ ನಾನು ಬಿಡೋದಿಲ್ಲ."

ಈ ಸಲ ಯಾರೂ ನಗಲಿಲ್ಲ. ನರ್ಸು ಮೂಗೊರೆಸಿಕೊಂಡಳು. ಟ್ಯಾಂಕಿನ ಪಕ್ಕದವರ ಕಣ್ಣು ನೋಡಿದೆ. ಎರಡೂ ತೆರೆದಿದ್ದವು. ಸ್ವಲ್ಪ ಜಾಸ್ತಿಯೇ ಹೊಳೆಯುತ್ತಿದ್ದವು. ಅದು ತಣ್ಣೀರು ಹಾಕಿಕೊಂಡದ್ದಕ್ಕಲ್ಲ.

"ಇದನ್ನ ಮನೇಲಿ ಹೇಳೇ ಇರ್ಲಿಲ್ವಲ್ಲೇ," ಎಂದರು.

"ಮನೇಲಿ ಹೇಳಿದ್ರೆ ನೂರು ಸಲ ಕೇಳ್ದೆ ಅಂತಿದ್ರಿ," ಎಂದೆ.

ಮೇಷ್ಟ್ರು ಯಾಕೋ ಸೀಟಿ ಊದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿದ್ಯುತ್ ಉಳಿತಾಯದ ಬಗ್ಗೆ ಇಷ್ಟು ಒಳ್ಳೆಯ ಭಾಷಣ ಕೇಳಿರಲಿಲ್ಲ ಎಂದು ಎರಡನೇ ಮಹಡಿಯವರು ಕೈ ಕುಲುಕಿ ಹೋದರು.

ಏಪ್ರಿಲ್ 6, ಭಾನುವಾರ

ಬೆಳಗ್ಗೆಯಿಂದ ಗಂಟಲು ನೋವು. ನಿನ್ನೆ ಮೈಕಿಲ್ಲದೆ ಕೂಗಿದ್ದಕ್ಕೋ, ರಾತ್ರಿ ಊಟ ಮಾಡುವಾಗ ತಿಂಗಳುಗಟ್ಟಲೆಯದನ್ನು ಒಟ್ಟಿಗೇ ಮಾತಾಡಿದ್ದಕ್ಕೋ ತಿಳಿಯದು.

ಏಪ್ರಿಲ್ 9, ಬುಧವಾರ

ನಮ್ಮವರ ಜೊತೆ ಜಗಳ. ಫ್ಯಾನು ಎರಡರಲ್ಲಿ ಇರಲಿ ಎಂದು ನಾನು, ಮೂರರಲ್ಲಿ ಇರಲಿ ಎಂದು ಅವರು. ಏಳರಿಂದ ಒಂಬತ್ತರವರೆಗೆ ಬಾಯಿಗೆ ಬಂದ ಹಾಗೆ ಕೂಗಾಡಿದೆವು. ಡ್ರಿಲ್ ಮೇಷ್ಟ್ರು ಅಂಗಳದಿಂದ, "ಬಸ್ಸಕ್ಕಾ, ಎಲ್ಲ ಸರಿ ಇದೆಯಾ?" ಎಂದು ಕೇಳಿದರು. ಕಿಟಕಿಯಿಂದ ಇಬ್ಬರೂ ಒಟ್ಟಿಗೇ ತಲೆ ಹಾಕಿ, "ನಿಮಗ್ಯಾಕೆ?" ಎಂದೆವು. ನಮ್ಮವರು ಎಂಟಕ್ಕೆ ಮಲಗುವುದನ್ನೂ ಮರೆತರು.

ನರ್ಸು ಸಂಜೆಯೇ ಬಂದು ಹೋದಳು. ತಿಂಗಳು ಮುಗಿಯಿತಂತೆ, ನಿಯಮ ಇನ್ನು ಇಲ್ಲವಂತೆ, ಬೇಕಾದರೆ ಎರಡೂ ಕೋಣೆಯಲ್ಲಿ ದೀಪ ಹಾಕಿಕೊಳ್ಳಬಹುದಂತೆ. ಹೋಗಿ ನೋಡಿದರೆ ಒಳಕೋಣೆಯ ಟ್ಯೂಬ್‌ಲೈಟು ಹತ್ತಲಿಲ್ಲ, ಸುಟ್ಟುಹೋಗಿದೆ. ಹೊಸದು ತರಬೇಕು. ಅವಸರವೇನಿಲ್ಲ.